ಮಿನೋರುವಿಗೆ ಇಟ್ಟ ಎಡೆ

ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮ ಮನೆಯ ಮಹಡಿಯ ಮೇಲೊಂದು ಕೋಣೆ ಇದೆ. ಅಲ್ಲಿ ನಾನು ಜಪಾನಿ ಭಾಷೆ ಕಲಿಸುತ್ತೇನೆ. ಬರುವವರು ಹೆಚ್ಚಾಗಿ ಕಾರ್ಖಾನೆಯವರು, ಇಲ್ಲವೇ ಜಪಾನಿನ ಆಸ್ಪತ್ರೆಗಳಿಗೆ ಹೋಗಬೇಕೆಂದಿರುವ ನರ್ಸುಗಳು. ಶುರುವಿನಲ್ಲಿ ಮನೆಮಂದಿಯ ಪದಗಳನ್ನು ಹೇಳಿಕೊಡುವುದು ವಾಡಿಕೆ: ಅಪ್ಪ, ಅವ್ವ, ಅಕ್ಕ, ತಮ್ಮ. ಆ ಪಾಠದ ದಿನ ಹಿಂದಿನ ಸಾಲಿನಲ್ಲಿದ್ದ, ಖಾನಾಪುರದಿಂದ ಬರುತ್ತಿದ್ದ, ನಲವತ್ತರ ಆಸುಪಾಸಿನ ಫೌಂಡ್ರಿ ಟೆಕ್ನಿಷಿಯನ್ ಒಬ್ಬ ಕೈ ಎತ್ತಿದ.

“ಅಕ್ಕೋರ, ಮಿನೋರು ಅನ್ನೂದು ಜಪಾನಿ ಹೆಸರ ಹೌದಲ್ರೀ?”

ಹೌದು, ನಿಮಗೆ ಹೇಗೆ ಗೊತ್ತು ಎಂದೆ.

“ನಮ್ಮ ಮನ್ಯಾಗ ಮಾನಮಿ ಅಮಾಸಿಗೆ ಹಿರ್ಯಾರಿಗೆ ಎಡಿ ಇಡ್ತೇವಲ್ರೀ, ಎಲ್ಲಾರದೂ ಆದಮ್ಯಾಲೆ ಕಡೀಕೊಂದು ಸಣ್ಣ ಎಲಿ ಮಿನೋರುಂದು ಅಂತ ಇಡ್ತಾರ. ನಮ್ಮ ಮುತ್ಯಾ ಇಡತಿದ್ದ. ಈಗ ನಮ್ಮಪ್ಪ ಇಡ್ತಾನ.”

ತರಗತಿಯವರು ನಕ್ಕರು. ನನಗೆ ನಗು ಬರಲಿಲ್ಲ. ಪಾಠ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡು ಕೇಳಿದೆ. ಅವನಿಗೆ ಗೊತ್ತಿದ್ದದ್ದು ಇಷ್ಟೇ. ಅವನ ಮುತ್ಯಾ, ಎಂದರೆ ಅಜ್ಜ, ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಪಾಯಿ. ಉತ್ತರ ಭಾರತದ ಒಂದು ಹಳೇ ಕೋಟೆಯಲ್ಲಿ ಜಪಾನಿ ಮನೆತನಗಳನ್ನು ಕೂಡಿಹಾಕಿದ್ದರು, ಮುತ್ಯಾ ಅಲ್ಲಿ ಕಾವಲಿಗಿದ್ದ. ಮಲಯಾದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಒಂದು ಸಂಸಾರವೂ ಅಲ್ಲಿತ್ತು. ಆ ಸಂಸಾರದ ಕೂಸು ಮಿನೋರು, ಅಲ್ಲೇ ತೀರಿಕೊಂಡಿತು.

ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಜಪಾನ್ ಯುದ್ಧಕ್ಕಿಳಿಯುತ್ತಲೇ ಮಲಯಾ, ಸಿಂಗಾಪುರಗಳಲ್ಲಿದ್ದ ಜಪಾನಿ ನಾಗರಿಕರನ್ನು ಬ್ರಿಟಿಷರು ಹಿಡಿದು ಹಡಗು ಹತ್ತಿಸಿ ಭಾರತಕ್ಕೆ ತಂದರು. ಕ್ಷೌರಿಕರು, ಹಲ್ಲಿನ ವೈದ್ಯರು, ಅಂಗಡಿಯವರು, ಬಸುರಿಯರು, ಹಸುಗೂಸುಗಳು. ಬಂದೂಕು ಮುಟ್ಟಿದವರೇ ಅಲ್ಲ. ಡೇರೆಗಳಲ್ಲಿ ಚಳಿಗೂ ಬಿಸಿಲಿಗೂ ಎಷ್ಟೋ ಜನ ಸತ್ತರು.

ನನ್ನ ವಿದ್ಯಾರ್ಥಿ ಈ ಎಡೆಯ ಮಾತನ್ನು ತನ್ನ ಕಾರ್ಖಾನೆಗೆ ಬಂದಿದ್ದ ಒಬ್ಬ ಜಪಾನಿ ಇಂಜಿನಿಯರಿಗೂ ಹೇಳಿದ. ಆತ ಊರಿಗೆ ಹೋಗಿ ಅಲ್ಲಿನ ಪತ್ರಿಕೆಯೊಂದಕ್ಕೆ ನಾಲ್ಕು ಸಾಲು ಬರೆದ. ಕೆಲವು ತಿಂಗಳಲ್ಲಿ, ಆತನಿಂದ ನನ್ನ ನಂಬರು ಪಡೆದವರೊಬ್ಬರ ಫೋನ್ ಜಪಾನಿನಿಂದ ಬಂತು. ತೊಂಬತ್ತರ ಹತ್ತಿರದ ಹೆಂಗಸಿನ ದನಿ, ಒಣಗಿದ್ದರೂ ಗಟ್ಟಿ.

“ಮಿನೋರು ನನ್ನ ತಮ್ಮ. ನಾನು ಬರುತ್ತೇನೆ. ಅವನ ಮೂಳೆಗಳು ಎಲ್ಲಿವೆ ಎಂದು ಆ ಮನೆಯವರನ್ನು ಕೇಳಬೇಕು.”

ಅವರ ಪ್ರಶ್ನೆ ಇದೊಂದೇ. ಮುಂದೆ ನಡೆದದ್ದೆಲ್ಲ ಈ ಪ್ರಶ್ನೆಯನ್ನು ಮುಚ್ಚಿಹಾಕುವ ಪ್ರಯತ್ನ ಎಂದೇ ನಾನು ಹೇಳುತ್ತೇನೆ.

ದುಭಾಷಿಯ ಕೆಲಸ ವೇದಿಕೆಯಲ್ಲಿ ಶುರುವಾಗುವುದಿಲ್ಲ. ಮೊದಲು ಮಾತನಾಡುವವರೊಂದಿಗೆ ಕೂತು, ಅವರು ಬಳಸಬಹುದಾದ ಪದಗಳನ್ನು ಹೆಕ್ಕಿ, ಪ್ರತಿಯೊಂದಕ್ಕೂ ಈ ನೆಲದಲ್ಲಿ ಸಲ್ಲುವ ಪದ ಹುಡುಕಿಟ್ಟುಕೊಳ್ಳಬೇಕು. ವಿಡಿಯೋ ಕರೆಯಲ್ಲಿ ಅಜ್ಜಿ ಎದುರಿಗೆ, ನಾನು ಇತ್ತ. ಡೇರೆ, ಬೇಲಿ, ಕಾವಲು, ಬೂದಿ. ‘ಹಣೆಬರಹ’ದ ಸರದಿ ಬಂದಾಗ ನಾನು ತಡೆದೆ, ಏಕೆಂದರೆ ಜಪಾನಿಯಲ್ಲಿ ಅದಕ್ಕೆ ಒಂದೇ ಪದವಿಲ್ಲ. ‘ಉನ್ಮೇಯ್’ ಎಂದರೆ ನಮ್ಮನ್ನು ಹೊತ್ತುಕೊಂಡು ಹೋಗುವಂಥದ್ದು, ನಡುದಾರಿಯಲ್ಲಿ ದಿಕ್ಕು ಬದಲಾದರೂ ಆದೀತು. ‘ಶುಕುಮೇಯ್’ ಎಂದರೆ ಹುಟ್ಟುವ ಮೊದಲೇ ಬಂದು ಬಿಡಾರ ಹೂಡಿರುವಂಥದ್ದು, ಅಲುಗುವುದಿಲ್ಲ. ಜನರ ಬಾಯಲ್ಲಿ ಇವೆರಡಕ್ಕಿಂತ ಹೆಚ್ಚು ಓಡಾಡುವ ಮಾತು ‘ಶಿಕತಾ ಗಾ ನಾಯ್’: ಮಾಡುವುದೇನೂ ಉಳಿದಿಲ್ಲ. ನೀವು ಯಾವುದನ್ನು ಬಳಸುತ್ತೀರಿ ಎಂದು ಕೇಳಿದೆ.

“ಯಾವುದನ್ನೂ ಇಲ್ಲ. ನನ್ನ ಬಾಯಲ್ಲಿ ಅವನ್ನು ನೀನೂ ಹಾಕಬೇಡ” ಎಂದರು. “ಬೇಲಿಯೊಳಗೆ ಎಲ್ಲರೂ ಶಿಕತಾ ಗಾ ನಾಯ್ ಅನ್ನುತ್ತಿದ್ದರು. ಅಮೆರಿಕದಲ್ಲಿದ್ದ ನಮ್ಮವರನ್ನು ಬೇಲಿಯೊಳಗೆ ಹಾಕಿದಾಗ ಅವರೂ ಅದನ್ನೇ ಅಂದರು. ಮಂಚೂರಿಯಾಕ್ಕೆ ನಮ್ಮದೇ ಸರ್ಕಾರ ರೈತರನ್ನು ಕಳಿಸಿತು. ಸೋಲು ಬಂದಾಗ ಅವರನ್ನು ನಡುಬೀದಿಯಲ್ಲಿ ಬಿಟ್ಟು ನಮ್ಮದೇ ಸೈನ್ಯ ಮೊದಲು ಓಡಿತು. ಅಲ್ಲಿ ಕಳೆದುಹೋದ ಮಕ್ಕಳಿಗೂ ಉನ್ಮೇಯ್ ಅಂದುಬಿಟ್ಟರು. ಎಷ್ಟು ಸಲೀಸು! ಆ ಪದದ ಕೊನೆಯ ‘ಮೇಯ್’ ಅಂದರೆ ಆಜ್ಞೆ ಅಂತಲೂ ಆಗುತ್ತದೆ ತಾನೇ? ಆಜ್ಞೆ ಅಂದಮೇಲೆ ಕೊಟ್ಟವನೊಬ್ಬ ಇರುತ್ತಾನೆ. ನಾನು ಅವನ ಬಗ್ಗೆ ಮಾತನಾಡಲು ಬರುತ್ತಿದ್ದೇನೆ.”

ಇತ್ತ ನಮ್ಮೂರಿನ ಭಾರತ-ಜಪಾನ್ ಮೈತ್ರಿ ಸಂಘದ ಅಧ್ಯಕ್ಷರಿಗೆ ಸುದ್ದಿ ಮುಟ್ಟಿತು. ಇತಿಹಾಸದ ನಿವೃತ್ತ ಪ್ರಾಧ್ಯಾಪಕರು, ಸಜ್ಜನರೆಂದು ಹೆಸರು. ಕಾರು, ಹೋಟೆಲು, ಸಭಾಂಗಣ ಎಲ್ಲ ಅವರೇ ವಹಿಸಿಕೊಂಡರು. ಮಹಾಲಯ ಅಮಾವಾಸ್ಯೆಯ ದಿನ ಖಾನಾಪುರದ ಮನೆಯಲ್ಲಿ ಎಡೆ, ಮರುದಿನ ಬೆಳಗಾವಿಯಲ್ಲಿ ಸನ್ಮಾನ ಎಂದು ಗೊತ್ತು ಮಾಡಿದರು. ಯಾರಿಗೆ ಸನ್ಮಾನ ಎಂದು ಕೇಳಿದೆ.

“ಎರಡೂ ಮನೆತನಕ್ಕ, ಮೇಡಂ. ಎಲ್ಲಿ ಜಪಾನ, ಎಲ್ಲಿ ಖಾನಾಪುರ! ವಿಧಿ ನೋಡ್ರಿ ಹೆಂಗ ಕೂಡಿಸೇತಿ. ಬ್ಯಾನರಿಗೆ ಅದನ್ನ ಹೆಸರ ಇಟ್ಟೇನಿ, ‘ವಿಧಿ ಬೆಸೆದ ಮನೆಗಳು’.”

ಆ ಅಜ್ಜಿ ಸನ್ಮಾನಕ್ಕೆ ಬರುತ್ತಿಲ್ಲ, ಒಂದು ಪ್ರಶ್ನೆ ಕೇಳಲು ಬರುತ್ತಿದ್ದಾರೆ ಎಂದೆ. “ಕೇಳಲಿ, ಕೇಳಲಿ” ಎಂದು ನಕ್ಕರು. ನಮ್ಮೂರಲ್ಲಿ ಯಾರೇ ಬರಲಿ, ಯಾತಕ್ಕೇ ಬರಲಿ, ಒಂದು ಶಾಲು ಹೊದಿಸಿ ತಲೆಗೆ ಪೇಟಾ ಸುತ್ತದಿದ್ದರೆ ನಮಗೆ ಸಮಾಧಾನವಿಲ್ಲ. ಅಳುತ್ತ ಬಂದವರಿಗೂ ಹಾರ ಹಾಕಿ ಫೋಟೋ ತೆಗೆಸುವ ಜನ ನಾವು.

ಅಮಾವಾಸ್ಯೆಯ ಬೆಳಿಗ್ಗೆ ಹೊರಟೆವು. ದೇಸೂರ ದಾಟುವವರೆಗೂ ಅಧ್ಯಕ್ಷರು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಬೆಳಗಾವಿಯ ಚರಿತ್ರೆ ಹೇಳಿದರು, ನಾನು ಅನುವಾದಿಸಿದೆ. ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಖಾನಾಪುರದ ಅಂಚಿನಲ್ಲಿ ಹೆಂಚಿನ ಮನೆ. ಬಾಗಿಲಲ್ಲಿ ನನ್ನ ವಿದ್ಯಾರ್ಥಿಯ ತಂದೆ, ಎಂದರೆ ಆ ಸಿಪಾಯಿಯ ಮಗ, ಕೈಜೋಡಿಸಿ ನಿಂತಿದ್ದರು. ಎಪ್ಪತ್ತೈದು ದಾಟಿದ ಉದ್ದನೆಯ ಆಳು. ಲೋಂಡಾದಲ್ಲಿ ರೈಲ್ವೆ ಹಳಿಯ ಕೆಲಸ ಮಾಡಿ ನಿವೃತ್ತರಾದವರು.

“ಬರ್ರಿ ಅಕ್ಕಾರ, ಒಳಗ ಬರ್ರಿ, ಕುಂದರ್ರಿ” ಎಂದರು. ಅಜ್ಜಿಗೆ ‘ಅಕ್ಕ’ ಎಂದದ್ದನ್ನು ಹೇಳಿದೆ. ಅವರು ತಲೆಬಾಗಿಸಿ ಒಳಗೆ ಬಂದರು.

ಪಡಸಾಲೆಯಲ್ಲಿ ಬಾಳೆಲೆಗಳ ಸಾಲು. ಕೊನೆಯಲ್ಲಿ ಅಂಗೈಯಗಲದ ತುಂಡು ಎಲೆ, ಅದರ ಮೇಲೂ ಅನ್ನ, ಕಡಬು, ವಡೆ. ಅಜ್ಜಿ ಗೋಡೆಗೆ ಆತು ಕೂತು ನೇರ ವಿಷಯಕ್ಕೆ ಬಂದರು. ದುಭಾಷಿ ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವುದಿಲ್ಲ, ಮಾತನಾಡುವವರ ‘ನಾನು’ವನ್ನೇ ತನ್ನ ಬಾಯಲ್ಲಿ ಆಡುತ್ತಾನೆ. ಹಾಗಾಗಿ ಆ ಪಡಸಾಲೆಯಲ್ಲಿ ಕೇಳಿದ್ದು ನನ್ನ ದನಿ: “ನನ್ನ ತಮ್ಮನ್ನ ನಿಮ್ಮಪ್ಪ ಗೇಟಿನ ಹೊರಗ ಒಯ್ದಾನ. ನನ್ನ ಅವ್ವನ್ನ ಹೊರಗ ಬಿಡಲಿಲ್ಲ. ನಮ್ಮಲ್ಲಿ ಸುಟ್ಟಮ್ಯಾಲೆ ಮನಿಯವರ ಕಡ್ಡಿಲೆ ಎಲವು ಆರಿಸಬೇಕು. ನಮಗ ಡಬ್ಬಿ ತುಂಬ ಬರೇ ಬೂದಿ ಬಂತು. ಎಲವು ಎಲ್ಲಿ ಅದಾವ?”

ಉತ್ತರ ಬಂದದ್ದು ಅಧ್ಯಕ್ಷರಿಂದ. ಇವತ್ತು ಒಳ್ಳೆಯ ದಿನ, ನಿಮ್ಮ ತಮ್ಮನ ಆತ್ಮಕ್ಕೆ ಈ ಮನೆಯಲ್ಲಿ ಶಾಂತಿ ಸಿಕ್ಕಿದೆ ಎಂದೆಲ್ಲ ಹೇಳಿದರು. ಅದನ್ನೂ ಅನುವಾದಿಸಿದೆ. “ನಾನು ಇವರನ್ನು ಕೇಳಲಿಲ್ಲ” ಎಂದರು ಅಜ್ಜಿ. ಅದನ್ನೂ ಅನುವಾದಿಸಿದೆ.

ಸಿಪಾಯಿಯ ಮಗ ನೆಲ ನೋಡುತ್ತ ಮೆಲ್ಲಗೆ ಅಂದರು: “ಸುಟ್ಟ ಇಲ್ರೀ ಕೂಸನ್ನ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ನನ್ನ ಮೊಣಕೈ ಹಿಡಿದರು. “ಮೇಡಂ, ಇದನ್ನ ಹೇಳಾಕ ಹೋಗಬ್ಯಾಡ್ರಿ. ಮುದುಕಿ ಜೀವ, ಏನರ ಆದ್ರ ಯಾರು ಜವಾಬ್ದಾರಿ? ಎಲ್ಲಾ ಶಾಂತ ಐತಿ ಅಂತ ಹೇಳಿಬಿಡ್ರಿ.”

ಎಂಬತ್ತು ವರ್ಷ ಕಾದು, ಕಡಲು ದಾಟಿ ಬಂದ ಹೆಂಗಸಿನ ಎದುರಿಗೇ, ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಅವರಿಗೆ ಎಷ್ಟು ಹೇಳಬೇಕೆಂದು ನಾವು ಪಾಲು ಹಾಕುವುದೇ? “ಸರ್, ಒಂದು ಮಾತೂ ಬಿಡದ ಹೇಳತೇನಿ. ಇಲ್ಲಂದ್ರ ಈಗ ಎದ್ದ ಹೋಗತೇನಿ. ಕಾರಿಗೂ ಕಾಯೂದಿಲ್ಲ, ಬಸ್ಸಿಗೆ ಹೋಗತೇನಿ” ಎಂದೆ. ಆದರೆ ಆ ಮಾತು ಆ ಮನೆಯವರದು, ಮೊದಲು ಅವರಿಗೆ ಒಪ್ಪಿಗೆ ಇರಬೇಕು. ಸಿಪಾಯಿಯ ಮಗನತ್ತ ತಿರುಗಿ, ಹೇಳಲೇ ಎಂದು ಕೇಳಿದೆ.

“ಹೇಳ್ರಿ ಅಕ್ಕೋರ. ನನಗೊಬ್ಬಗ ಬಿಟ್ಟರ ಯಾರಿಗೂ ಹೇಳದ ಇದನ್ನ ಹೊಟ್ಟ್ಯಾಗ ಇಟ್ಕೊಂಡ ನಮ್ಮಪ್ಪ ಸತ್ತ. ನಾ ಹಂಗ ಸಾಯಂಗಿಲ್ಲ.”

ಅವರು ಹೇಳುತ್ತ ಹೋದರು, ನಾನು ಜಪಾನಿಗೆ ತರುತ್ತ ಹೋದೆ. ಕೂಸನ್ನು ಹೊರಗೆ ಒಯ್ದು ಸುಟ್ಟು ಬನ್ನಿ, ಮನೆಯವರು ಯಾರೂ ಗೇಟು ದಾಟಕೂಡದು ಎಂದು ಅಧಿಕಾರಿಯ ಅಪ್ಪಣೆಯಾಯಿತು. ಸಿಪಾಯಿ ಕೂಸನ್ನು ಎತ್ತಿಕೊಂಡು ನದಿಯ ಕಡೆಗೆ ನಡೆದ. ಅವನ ಊರಿನ ರೂಢಿಯಲ್ಲಿ ಹಲ್ಲು ಬರದ ಕೂಸಿಗೆ ಬೆಂಕಿ ಕೊಡುವುದಿಲ್ಲ, ಮಣ್ಣು ಕೊಡುತ್ತಾರೆ. ಬೆಂಕಿ ಕೊಟ್ಟರೆ ಪಾಪ. ಅವನು ತನ್ನ ತಲೆಯ ಪಟಕಾ ಬಿಚ್ಚಿ, ಕೂಸನ್ನು ಅದರಲ್ಲಿ ಸುತ್ತಿ, ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿ, ಉಪ್ಪು ಹಾಕಿ ಮಣ್ಣು ಮುಚ್ಚಿದ. ಮೇಲೆ ಹಾಲು ಎರೆದ. ತನ್ನ ಸ್ವಂತ ಕೂಸಿಗೆ ಮಾಡುವುದನ್ನೇ ಮಾಡಿದ.

“ಮರದಿನ ಮುಂಜಾನೆ ಆ ತಾಯಿ ಒಂದು ತೊಳದ ಡಬ್ಬಿ, ಎರಡು ಕಡ್ಡಿ ಹಿಡಕೊಂಡ ಗೇಟಿಗೆ ಬಂದ್ಲಂತರೀ. ಆವಾಗ ನಮ್ಮಪ್ಪಗ ತಿಳೀತು, ಇವರ ರೂಢಿ ಬ್ಯಾರೆ ಅಂತ. ಸುಡು ಅಂದಿದ್ರು, ಹುಗದಿದ್ದ. ಸಾಹೇಬಗ ಗೊತ್ತಾದ್ರ ಇವನ ಗತಿ ಮುಗೀತು. ಹೆದರಿ, ಆ ಡಬ್ಬಿ ಇಸಕೊಂಡು, ಅಡಗಿಮನಿ ಒಲ್ಯಾಗಿನ ಬೂದಿ ತುಂಬಿ ಕೊಟ್ಟ.”

‘ಅಡುಗೆಮನೆಯ ಒಲೆ’ ಎನ್ನುವುದನ್ನು ಜಪಾನಿಯಲ್ಲಿ ಇದ್ದಂತೆಯೇ ಹೇಳಿದೆ.

ಅಜ್ಜಿ ಅಳಲಿಲ್ಲ. ಅಂಗೈಯಿಂದ ನೆಲವನ್ನು ಫಟ್ಟನೆ ಬಡಿದರು.

“ಉಪ್ಪು ಹಾಕಿದನೇ? ಹಾಲು ಎರೆದನೇ? ತನ್ನ ಪಟಕಾದಲ್ಲಿ ಸುತ್ತಿದನೇ? ಹಾಗಾದರೆ ಯಾಕೆ ಹೇಳಲಿಲ್ಲ! ನನ್ನ ಅಮ್ಮನಿಗೆ ಗೊತ್ತಿತ್ತು. ಡೇರೆಯೊಳಗೆ ಆ ಡಬ್ಬಿಯನ್ನು ಕಡ್ಡಿಯಿಂದ ಕೆದಕಿ ಕೆದಕಿ ನೋಡಿದಳು, ಒಂದು ಚೂರು ಮೂಳೆ ಇರಲಿಲ್ಲ. ಶಿಕತಾ ಗಾ ನಾಯ್ ಎಂದು ಮುಚ್ಚಳ ಹಾಕಿದಳು. ಸುಳ್ಳು ಬೂದಿ ಅಂತ ಗೊತ್ತಿದ್ದೂ ಅದನ್ನು ಜಪಾನಿಗೆ ಹೊತ್ತು ತಂದು ಸಮಾಧಿ ಮಾಡಿದಳು. ಮಗುವನ್ನು ನಾಯಿಗಳಿಗೆ ಎಸೆದಿದ್ದಾರೆ ಎಂದೇ ಸಾಯುವವರೆಗೆ ನಂಬಿದ್ದಳು. ನಾಯಿ ಬೊಗಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೈಸನ್ನೆ ಮಾಡಿದ್ದರೂ ಸಾಕಿತ್ತು!”

ಇದನ್ನು ನಾನು ಅವರ ‘ನಾನು’ವಿನಲ್ಲೇ ಹೇಳಬೇಕಿತ್ತು. ‘ನನ್ನ ಅವ್ವ ಕಿವಿ ಮುಚ್ಚಿಕೊಳ್ತಿದ್ಲು’ ಎಂದು ಹೇಳಿ ಮುಗಿಸಿದೆ. ಸಿಪಾಯಿಯ ಮಗ ಎದ್ದು ನಿಂತರು.

“ಖರೇ ಅಕ್ಕಾರ. ಹೇಳಬೇಕಿತ್ತು. ನಮ್ಮಪ್ಪನ ಕೈಯಾಗ ಗೇಟಿನ ಕೀಲಿ ಇರಲಿಲ್ಲ.”

“ಬಾಯಿ ಇತ್ತಲ್ಲ.”

“ಇತ್ತರೀ” ಎಂದರು ಅವರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆಗ.

ಜಾಗ ಎಲ್ಲಿ ಎಂದು ಅಜ್ಜಿ ಕೇಳಿದರು. ರೈಲ್ವೆಗೆ ಸೇರಿದ ಮೇಲೆ ಮಗ ತನ್ನ ಪಾಸಿನಲ್ಲಿ ತಂದೆಯನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿದ್ದರಂತೆ. ಬೇವಿನ ಗಿಡ ಇರಲಿಲ್ಲ, ನದಿಯವರೆಗೂ ರಸ್ತೆಯಾಗಿತ್ತು. ಮುದುಕ ಅತ್ತಿಂದಿತ್ತ ತಿರುಗಿ ತಿರುಗಿ ಸೋತು, ಕಡೆಗೆ ರಸ್ತೆಯ ಬದಿಗೆ ಒಂದು ಗ್ಲಾಸು ಹಾಲು ಸುರಿದು ಬಂದ. ಹಾಗಾಗಿ ಮೂಳೆಗಳು ಎಲ್ಲಿವೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ರಸ್ತೆಯ ಕೆಳಗೆಲ್ಲೋ ಎಂಬುದು.

ಅಧ್ಯಕ್ಷರು ದೊಡ್ಡದೊಂದು ನಿಟ್ಟುಸಿರು ಬಿಟ್ಟು “ಎಲ್ಲಾ ವಿಧಿ” ಎಂದರು. ಅಜ್ಜಿ ನನ್ನ ಮುಖ ನೋಡಿದರು. ಹೇಳಿದೆ. ಅವರು ಅಧ್ಯಕ್ಷರನ್ನು ದಿಟ್ಟಿಸಿದರು. ಆಮೇಲೆ ಆ ಸಣ್ಣ ಎಲೆಯನ್ನು ನೋಡಿ ಹುಬ್ಬು ಗಂಟಿಕ್ಕಿ, “ಹಲ್ಲಿಲ್ಲದ ಮಗುವಿಗೆ ವಡೆ ಯಾಕೆ?” ಎಂದರು. ಮನೆಯ ಸೊಸೆ ಗಲಿಬಿಲಿಗೊಂಡು ವಡೆ ತೆಗೆದು, ಹಾಲನ್ನ ಕಿವುಚಿ ತಂದಿಟ್ಟಳು. ಆ ದಿನ ಎಲೆ ಕಾಗೆಗಳಿಗೆಂದು ಮಾಡಿನ ಮೇಲೆ ಹೋದದ್ದು ಹಾಗೆ.

ಸಂಜೆ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಕೈಯಲ್ಲಿ ಟೈಪು ಮಾಡಿಸಿದ ಹಾಳೆ. ಮರುದಿನದ ಸಭೆಯಲ್ಲಿ ಅಜ್ಜಿ ‘ಹೇಳಲಿರುವ’ ಮಾತುಗಳು, ಅಚ್ಚುಕಟ್ಟಾದ ಕನ್ನಡದಲ್ಲಿ. ವಿಧಿಯ ಲೀಲೆ, ಭಾರತದ ಮಮತೆ, ಧನ್ಯವಾದ.

“ಆಕಿ ಜಪಾನಿಯೊಳಗ ಏನರ ಅನ್ನಲಿ ಮೇಡಂ, ನೀವು ಇಷ್ಟ ಓದಿಬಿಡ್ರಿ. ಸಭಾದಾಗ ಯಾರಿಗೆ ಜಪಾನಿ ಬರತೈತಿ? ಕಾರ್ಖಾನಿ ಮಂದಿ ಬರತಾರ, ಅಧಿಕಾರಿಗಳು ಬರತಾರ. ಒಲಿ ಬೂದಿ, ಹೆಣ, ಇವೆಲ್ಲಾ ಬ್ಯಾಡ. ನಿಮ್ಮ ಕ್ಲಾಸಿಗೆ ಮಂದಿ ಕಳಸೂವವರೂ ಅವರ, ನೆನಪಿರಲಿ.”

ಜೀವನದಲ್ಲಿ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕೆನಿಸಿದ ಗಳಿಗೆಗಳು ನನಗೆ ಕೆಲವೇ. ಚರಿತ್ರೆ ಪಾಠ ಮಾಡಿದ ಮನುಷ್ಯ! ಸಿಪಾಯಿಯಾದರೂ ಪ್ರಾಣಭಯಕ್ಕೆ ಸುಳ್ಳು ಬೂದಿ ತುಂಬಿದ. ಇವರಿಗೆ ಯಾರ ಭಯ? ತಾಯಿ ಗೇಟು ದಾಟಕೂಡದು ಎಂದ ಅಧಿಕಾರಿಯೂ ಹೀಗೇ ಸಭ್ಯವಾಗಿ ಮಾತನಾಡಿರಬೇಕು ಅನ್ನಿಸಿತು. ಹಾಳೆಯನ್ನು ಇಸಿದುಕೊಂಡು ಹೋಟೆಲಿಗೆ ಹೋಗಿ, ಅಜ್ಜಿಗೆ ಅದನ್ನು ಪೂರ್ತಿ ಜಪಾನಿಯಲ್ಲಿ ಓದಿ ಹೇಳಿದೆ. ನಾಳೆ ನೀವು ಮಾತನಾಡದೆಯೂ ಇರಬಹುದು, ಅದು ನಿಮ್ಮಿಷ್ಟ, ಆದರೆ ನಾನು ಇದನ್ನು ಓದುವುದಿಲ್ಲ ಎಂದೆ.

“ಆಮೇಲೆ ನಿನ್ನ ತರಗತಿಗಳು?”

“ಬಂದವರಿಗೆ ಕಲಿಸುತ್ತೇನೆ.”

“ಹಾಗಾದರೆ ಮಾತನಾಡುತ್ತೇನೆ” ಎಂದರು.

ಸಭಾಂಗಣ ತುಂಬಿತ್ತು. ಅರ್ಧ ಕನ್ನಡದವರು, ಅರ್ಧ ಮರಾಠಿಯವರು, ಎರಡೂ ಬರುವವರು ಬಹಳ. ಸಿಪಾಯಿಯ ಮಗನಿಗೆ ಕೇಸರಿ ಪೇಟಾ ಸುತ್ತಿ, ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಪೇಟಾದ ಕೆಳಗೆ ಅವರ ಮುಖ ಬೆವೆತು ಇಳಿದುಹೋಗಿತ್ತು. ಅಜ್ಜಿ ಮೈಕಿನ ಮುಂದೆ ನಿಂತರು, ಪಕ್ಕದಲ್ಲಿ ನಾನು. ಅವರು ಎರಡು ವಾಕ್ಯ ಹೇಳಿ ನಿಲ್ಲಿಸುವುದು, ನಾನು ಹೇಳಿ ನಿಲ್ಲಿಸುವುದು.

“ನನ್ನ ಅಪ್ಪ ಫೋಟೋ ತೆಗೆಯುತ್ತಿದ್ದ. ಮದುವೆಯ ಫೋಟೋ, ಶಾಲೆಯ ಫೋಟೋ. ಅವನನ್ನು ಶತ್ರು ಎಂದರು. ನನ್ನ ತಮ್ಮನಿಗೆ ಆರು ತಿಂಗಳೂ ತುಂಬಿರಲಿಲ್ಲ, ಅವನನ್ನೂ ಶತ್ರು ಎಂದರು. ಅವನು ಸತ್ತಾಗ ಅಮ್ಮ ಗೇಟು ದಾಟಬಾರದು ಎಂದು ಒಬ್ಬ ಅಪ್ಪಣೆ ಮಾಡಿದ. ಹೂಳಿದವನು ನಿಜ ಹೇಳಲಿಲ್ಲ. ಈ ಬಟ್ಟೆಯ ಮೇಲೆ ವಿಧಿ ಎಂದು ಬರೆದಿದ್ದೀರಂತೆ. ವಿಧಿ ನಮ್ಮ ಡೇರೆಗೆ ಬರಲೇ ಇಲ್ಲ. ಬಂದವರೆಲ್ಲ ಮನುಷ್ಯರೇ.”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ನಗುತ್ತಲೇ ಬಂದು ಮೈಕನ್ನು ತಮ್ಮತ್ತ ತಿರುಗಿಸಿಕೊಂಡರು.

“ತಾಯಿಯವರು ಬಾಳ ಭಾವುಕ ಆಗ್ಯಾರ. ಸಹಜ ಐತಿ. ಆದ್ರ ನಿನ್ನೆ ಖಾನಾಪುರದಾಗ ಕಣ್ಣಾರೆ ನೋಡೇನಿ, ಎಲ್ಲಾ ಮರತು ದೊಡ್ಡ ಮನಸಿನಿಂದ ಕ್ಷಮಾ ಮಾಡ್ಯಾರ. ಜೋರಾಗಿ ಚಪ್ಪಾಳಿ!”

ಚಪ್ಪಾಳೆ ಬಿದ್ದೇ ಬಿತ್ತು. ಅಜ್ಜಿ ನನ್ನ ಕಡೆ ವಾಲಿ, ಇವರೆಲ್ಲ ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ಕೇಳಿದರು. ಹೇಳಿದೆ. ಅವರು ಮೈಕನ್ನು ವಾಪಸು ಎಳೆದುಕೊಂಡು, ಕೆಳಗೆ ಕೂತಿದ್ದ ಸಿಪಾಯಿಯ ಮಗನನ್ನು ನೇರವಾಗಿ ಕೇಳಿದರು.

“ನೀವು ನನ್ನಲ್ಲಿ ಕ್ಷಮೆ ಕೇಳಿದಿರಾ?”

ಅವರು ಎದ್ದು ನಿಂತರು. “ಇಲ್ರೀ ಅಕ್ಕಾರ. ಕೇಳೂ ಮಾರಿ ನಂದಲ್ಲ.”

“ನಾನು ಕ್ಷಮಿಸಿದೆ ಎಂದೆನೇ?”

“ಇಲ್ರೀ.”

ಅವರು ಪೇಟಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಜ್ಜಿ ಅಧ್ಯಕ್ಷರತ್ತ ತಿರುಗಿದರು.

“ಸತ್ತದ್ದು ನನ್ನ ತಮ್ಮ. ಮಣ್ಣು ಕೊಟ್ಟದ್ದು ಇವರ ಅಪ್ಪ. ಅವನಿಗಾಗಿ ಇವತ್ತಿಗೂ ಎಲೆ ಇಡುತ್ತಿರುವುದು ಇವರು. ಇದರ ನಡುವೆ ನಿಂತು ನನ್ನ ಕ್ಷಮೆಯನ್ನು ಹಂಚುವುದಕ್ಕೆ ನೀವು ಯಾರು?”

ಅಧ್ಯಕ್ಷರು ನನ್ನತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು. ನಾನು ಆ ಮಾತನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಆಮೇಲೆ, ಯಾರಿಗೂ ತಪ್ಪಿಹೋಗಬಾರದೆಂದು, ಮರಾಠಿಯಲ್ಲೂ ಹೇಳಿದೆ.